ಕುರ್ಚಿ ಬಿಟ್ಟವರ ಪಂಕ್ತಿ

“ಅತ್ತೀ, ಜಡ್ಜ್ ಬಾಯಾರು ಇವತ್ತೂ ಕುರ್ಚಿ ಏರಂಗಿಲ್ಲಂತ!”

ಹಾಲು ತರಲು ಹೋದ ಸೊಸೆ ಸುನಿತಾ ಹಾಲು ಮರೆತು ಈ ಖಬರು ಹೊತ್ತು ಬಂದಳು. ಸುಮಿತ್ರವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹೋಗುವ ಬದಲು ಹಿಟ್ಟು ನಾದುವ ಪರಾತಕ್ಕೇ ವಾಪಸ್ಸು ಬಿತ್ತು.

“ಯಾರಂದ್ರು?”

“ಶಿಪಾಯಿ ಉಳವಪ್ಪ ಅಂದ. ನಾಕೂ ಊರಿನ ಜಡ್ಜ್ ಮಂದಿ ಬಂದಾರ. ಬೇವಿನ ಗಿಡದ ಬುಡಕ ಜಮಖಾನಿ ಹಾಸ್ಯಾರ.”

ಲಕ್ಷ್ಮೇಶ್ವರದ ಕೋರ್ಟಿನ ಎದುರಿಗೆ ರಸ್ತೆ ದಾಟಿದರೆ ಸುಮಿತ್ರವ್ವನ ಖಾನಾವಳಿ. ಬೋರ್ಡು ಗೀರ್ಡು ಏನಿಲ್ಲ, ರೊಟ್ಟಿ ಬಡಿಯುವ ಸಪ್ಪಳವೇ ಬೋರ್ಡು. ಗಂಡ ತೀರಿಕೊಂಡ ಮೇಲೆ ಆ ತಗಡಿನ ಚಾವಣಿಯ ಕೆಳಗೆ ಒಲೆ ಹೂಡಿದಳು, ಮಗನಿಗೆ ಮದುವೆ ಮಾಡಿದಳು, ಬಂದ ಸೊಸೆಗೆ ರೊಟ್ಟಿ ಬಡಿಯುವುದನ್ನೂ ಗಿರಾಕಿಗಳ ಮೇಲೆ ಬಾಯಿ ಮಾಡುವುದನ್ನೂ ಕಲಿಸಿದಳು. ಈ ಜಾಗವನ್ನು ಊರಿನ ಸಿರಿವಂತ ವೀರು ಸಾಹುಕಾರನ ತಂದೆಯಿಂದ ಅವಳ ಗಂಡ ಖರೀದಿ ಮಾಡಿದ್ದು ಊರಿಗೆಲ್ಲ ಗೊತ್ತು. ವೀರು ಸಾಹುಕಾರನಿಗೂ ಗೊತ್ತಿತ್ತು. ಅಲ್ಲೊಂದು ಕಾಂಪ್ಲೆಕ್ಸ್ ಎಬ್ಬಿಸುವ ಆಸೆ ಹುಟ್ಟಿದ ಮೇಲೆ ಮರೆತುಹೋಯಿತು, ಅಷ್ಟೇ.

ಹೀಗಾಗಿ ಕೇಸು. ಕೇಸು ತೀರುವವರೆಗೆ ಗೋಡೆಗೆ ಕೈ ಹಚ್ಚಬಾರದೆಂದು ಲಕ್ಷ್ಮೇಶ್ವರದ ನ್ಯಾಯಾಧೀಶೆ ನೇತ್ರಾ ತಡೆಯಾಜ್ಞೆ ಕೊಟ್ಟಿದ್ದರು. ಆದರೆ ಆ ತಡೆಯಾಜ್ಞೆಯ ಆಯುಸ್ಸು ಒಂದು ತಾರೀಖಿನಿಂದ ಮುಂದಿನ ತಾರೀಖಿನವರೆಗೆ ಮಾತ್ರ. ಪ್ರತಿ ಸಲವೂ ನ್ಯಾಯಾಧೀಶರು ಕುರ್ಚಿ ಏರಿ ‘ಮುಂದುವರಿಸಿದೆ’ ಎನ್ನಬೇಕು, ಅವಳ ಒಲೆ ಉರಿಯಬೇಕು. ಇವತ್ತೇ ಆ ತಾರೀಖು. ಇವತ್ತೂ ಕುರ್ಚಿ ಖಾಲಿ!

ನ್ಯಾಯಾಧೀಶರು ಕುರ್ಚಿ ಬಿಟ್ಟದ್ದಕ್ಕೂ ಕಾರಣ ಇದೇ ವೀರು ಸಾಹುಕಾರ. ಹಮ್ಮಿಗಿ ಕಡೆ ಹೊಳೆಯ ಮರಳು ಕದ್ದು ಸಾಗಿಸುತ್ತಿದ್ದ ಅವನ ಟಿಪ್ಪರುಗಳು ಸಿಕ್ಕಿಬಿದ್ದಿದ್ದವು. ಬಿಡುವುದಿಲ್ಲ ಎಂದರು ಮುಂಡರಗಿಯ ನ್ಯಾಯಾಧೀಶೆ ಶಾಹಿಸ್ತಾ. ಮಾರನೆಯ ದಿನ ಅವನ ಆಳುಗಳು ಕೋರ್ಟಿನೊಳಗೇ ನುಗ್ಗಿ ಆಕೆಯ ಕುರ್ಚಿ ಎತ್ತಿ ನೆಲಕ್ಕೆ ಬಡಿದು ಮುರಿದರು. ದೂರು ಬರೆದುಕೊಳ್ಳಬೇಕಾದ ಪೊಲೀಸ್ ಸಾಹೇಬ ‘ನೋಡೋಣ ಮೇಡಂ, ನೋಡೋಣ’ ಎನ್ನುತ್ತ ಪೆನ್ನಿನ ಕ್ಯಾಪನ್ನೇ ತೆಗೆಯಲಿಲ್ಲ. ಆಗ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರದ ನ್ಯಾಯಾಧೀಶರು ಮುಂಡರಗಿಯ ಗೆಳತಿಯ ಜೊತೆ ಒಂದು ಮಾತಿಗೆ ಬಂದರು. ಆಕೆಯ ದೂರು ದಾಖಲಾಗುವವರೆಗೆ ನಾವ್ಯಾರೂ ನಮ್ಮ ಕುರ್ಚಿ ಏರುವುದಿಲ್ಲ. ಘೋಷಣೆ ಇಲ್ಲ, ಬಾವುಟ ಇಲ್ಲ, ಕೂಗಾಟ ಇಲ್ಲ. ದಿನಕ್ಕೊಂದು ಊರಿನ ಕೋರ್ಟಿನಂಗಳದಲ್ಲಿ ಜಮಖಾನೆ ಹಾಸಿ ಸುಮ್ಮನೆ ಕೂಡುವುದು, ಸಂಜೆ ಎದ್ದು ಹೋಗುವುದು.

ನೌಕರಿಗೆ ಕುತ್ತು ಬರಬಹುದಾದ ಕೆಲಸ ಇದು. ಊರೂರಲ್ಲಿ ಮಂದಿ ‘ಭಲೇ’ ಎಂದರು. ಸುಮಿತ್ರವ್ವನೂ ನಿನ್ನೆಯವರೆಗೆ ಭಲೇ ಎಂದವಳೇ. ಇವತ್ತು ಕಾಲ ಕೆಳಗೇ ಬೆಂಕಿ ಬಿದ್ದಾಗ ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿದಳು. ಅವಳ ವಕೀಲ ದುರ್ಗೇಶ ‘ಬ್ಯಾಡ ಯವ್ವಾ, ಬ್ಯಾಡ’ ಎಂದು ಕೋಟಿನ ತೋಳು ಬೀಸುತ್ತ ಹಿಂದೆ ಓಡಿದ. ಕೇಳಬೇಕಲ್ಲ ಅವಳು!

ಬೇವಿನ ಮರದ ಕೆಳಗೆ ನಾಲ್ವರು ಕುಳಿತಿದ್ದರು. ಗದಗಿನ ಯಂಕಪ್ಪ ಸಾಹೇಬರು, ತಲೆ ಪೂರ್ತಿ ಬೆಳ್ಳಗಾದವರು. ಶಿರಹಟ್ಟಿಯ ಸುದೀಪ, ಇನ್ನೂ ಕಾಲೇಜು ಹುಡುಗನಂತೆ ಕಾಣುವವನು. ನಡುವೆ ಶಾಹಿಸ್ತಾ. ತುದಿಗೆ ನೇತ್ರಾ, ಮೈಸೂರು ಕಡೆಯ ಹೆಣ್ಣುಮಗಳು.

“ಬಾಯಾರ, ಇವತ್ತು ನನ್ನ ತಾರೀಖು ಐತ್ರಿ,” ಎಂದಳು ಸುಮಿತ್ರವ್ವ ನೇರವಾಗಿ.

ನೇತ್ರಾ ಎದ್ದು ನಿಂತರು. “ಅಮ್ಮ, ನಿಮ್ಮ ಕೇಸು ನನ್ನ ಮುಂದೆ ಇದೆ. ಅದರ ಬಗ್ಗೆ ನಾನು ಇಲ್ಲಿ ಮಾತಾಡೋ ಹಾಗಿಲ್ಲ. ದಯವಿಟ್ಟು ಹೋಗಿ.”

“ಕುರ್ಚಿ ಮ್ಯಾಲೂ ಕುಂಡ್ರಂಗಿಲ್ಲ, ಕೆಳಗ ಕುಂತ್ರ ಮಾತೂ ಆಡಂಗಿಲ್ಲ. ಮತ್ತ ಯಾವಾಗ ಮಾತಾಡ್ತೀರಿ? ನನ್ನ ಗ್ವಾಡಿ ಬಿದ್ದ ಮ್ಯಾಲ? ಅವರ ಕುರ್ಚಿ ಮುರದಾವನೂ ಅವನ, ನನ್ನ ಒಲಿ ಮುರಿಯಾವನೂ ಅವನ. ನೀವು ಹಿಂಗ ಕುಂತ್ರ ನಗಾವ ಯಾರು? ಅವನ! ಇವತ್ತು ಸಂಜೀಕ ನನ್ನ ಮನಿ ಬಯಲಾತಂದ್ರ ಅದು ನಿಮ್ಮ ಕೈಯಾಗ ಆದಂಗ, ತಿಳೀತಿಲ್ಲ?”

ನೇತ್ರಾ ಮತ್ತೆ ಜಮಖಾನೆಯ ಮೇಲೆ ಕುಳಿತರು. ಆಕೆಯ ಕೈ ಸೀರೆಯ ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದದ್ದು ಸುಮಿತ್ರವ್ವನಿಗೆ ಕಂಡಿತು. ಕಂಡರೂ ಕರುಣೆ ಬರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಬಿರಬಿರನೆ ತಿರುಗಿ ಬಂದು ಒಲೆಯ ಮುಂದೆ ಕುಳಿತಳು.

ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ದುರ್ಗೇಶ ಜೋಲು ಮೋರೆ ಹಾಕಿಕೊಂಡು ಬಂದ. “ಇವತ್ತಿನ ಕೇಸೆಲ್ಲ ಮುಂದಕ್ಕ ಹಾಕ್ಯಾರಬೇ. ಸ್ಟೇ ಹೋತು. ನಾಳೆ ಹೊಸಾ ಅರ್ಜಿ ಕೊಡೂಣು.”

“ನಾಳೆ ನಿನ್ನ ಅರ್ಜಿ ಓದಾಕ ಗ್ವಾಡಿ ಇರತೈತೇನೋ?”

ಇರುವಂತೆ ಕಾಣಲಿಲ್ಲ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಹಳದಿ ಜೇಸಿಬಿ ಗುಡುಗುತ್ತ ಬಂತು. ಅದರ ಹಿಂದೆ ಬಿಳಿ ಕಾರು, ಕಾರಿನಿಂದ ಇಸ್ತ್ರಿ ಮುರಿಯದ ಬಿಳಿ ಅಂಗಿಯ ವೀರು ಸಾಹುಕಾರ. ಎಲ್ಲಿ ಏನು ನಡೆದಿದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಮೀಸೆಯ ಕೆಳಗೆ ನಗು ತಡೆಯಲಾಗದೆ ಒದ್ದಾಡುತ್ತಿತ್ತು.

“ಅಕ್ಕಾರ, ಭಾಂಡೆ ಸಾಮಾನು ಹೊರಗ ತಗದ್ರ ಚಲೋ. ನಿಮ್ಮ ಸಾಮಾನಿಗಿ ಪೆಟ್ಟು ಹತ್ತಬಾರದು ನೋಡ್ರಿ.”

ಏನು ಕಾಳಜಿ! ಸುಮಿತ್ರವ್ವ ಚಪಾತಿ ಲಟ್ಟಿಸುವ ಲತ್ತಿಗುಣಿ ಹಿಡಿದು ಎದ್ದಳು. ಸುನಿತಾ ಅವಳ ಸೊಂಟ ಹಿಡಿದುಕೊಂಡಳು. ಜೇಸಿಬಿಯ ಮೇಲೆ ಕುಳಿತಿದ್ದ ಹುಲಕೋಟಿಯ ಮಾಶಾಕ ಕೆಳಗೆ ನೋಡುತ್ತ ಕುಳಿತ. ವಾರಕ್ಕೆರಡು ಸಲ ಇದೇ ಖಾನಾವಳಿಯಲ್ಲಿ ಎಣಗಾಯಿ ಪಲ್ಯ ಚಪ್ಪರಿಸಿದವನು ಅವನು.

ಅಷ್ಟರಲ್ಲಿ ರಸ್ತೆ ದಾಟಿ ಮೂವರು ಬಂದರು. ಯಂಕಪ್ಪ ಸಾಹೇಬರು ಮುಂದೆ, ಶಾಹಿಸ್ತಾ ಮತ್ತು ಸುದೀಪ ಹಿಂದೆ. ನೇತ್ರಾ ಮಾತ್ರ ಬರಲಿಲ್ಲ. ಮೂವರೂ ಬಾಗಿಲ ಬದಿಯ ಹಂಡೆಯಿಂದ ನೀರು ತೆಗೆದು ಕೈ ತೊಳೆದರು. ಒಳಗೆ ಬಂದು ಚಾಪೆಯ ಮೇಲೆ ಸಾಲಾಗಿ ಚಕ್ಕಳಮಕ್ಕಳ ಹಾಕಿದರು.

“ಊಟ ಐತೇನವ್ವಾ?” ಎಂದರು ಯಂಕಪ್ಪ ಸಾಹೇಬರು.

ಇಲ್ಲ ಎನ್ನಬೇಕೆಂದು ಸುಮಿತ್ರವ್ವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಸಿದು ಬಂದವರಿಗೆ ಇಲ್ಲ ಎಂದು ಹೇಳಿ ಅವಳ ಬಾಯಿಗೆ ರೂಢಿಯೇ ಇರಲಿಲ್ಲ. ತಾಟುಗಳನ್ನು ಧಡ್ ಧಡ್ ಎಂದು ಇಟ್ಟಳು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಬಡಿಸಿದ್ದು ಊಟ, ಬಡಿಸಿದ ರೀತಿ ಮಾತ್ರ ಬೈಗುಳದ್ದು.

ಹೊರಗೆ ವೀರು ಸಾಹುಕಾರನಿಗೆ ಮೋಜೋ ಮೋಜು. ನ್ಯಾಯಾಧೀಶರು ತಾವಾಗಿ ಕುರ್ಚಿ ಬಿಟ್ಟು ತನ್ನ ಕೆಲಸ ಹಗುರ ಮಾಡಿದ್ದಲ್ಲದೆ ಈಗ ತನ್ನ ಕಣ್ಣೆದುರೇ ನೆಲದ ಮೇಲೆ ಕುಳಿತಿದ್ದಾರೆ. ಬೀದಿಯಲ್ಲಿ ಮಂದಿ ಸೇರುತ್ತಿತ್ತು. ಮಂದಿ ಸೇರಿದರೆ ಅವನಿಗೆ ದೊಡ್ಡತನ ಉಕ್ಕುತ್ತಿತ್ತು. ಎರಡೂ ಕೈ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ.

“ಉಣ್ಲಿ, ಉಣ್ಲಿ! ಉಂಬೋರನ್ನ ಎಬ್ಬಸೋ ಮನಿತನದಾಗ ಹುಟ್ಟಿಲ್ಲ ನಾ. ಪಂಕ್ತಿ ಏಳೂತನಾ ಕಾಯ್ತೀನಿ. ಲೇ ಮಾಶಾಕ, ಗಾಡಿ ಬಂದ್ ಮಾಡಲೇ!”

ಮಾಶಾಕ ಅದಕ್ಕೇ ಕಾದಿದ್ದವನಂತೆ ಜಲ್ದಿ ಬಂದ್ ಮಾಡಿದ.

ಈ ಸೀಮೆಯಲ್ಲಿ ಮನುಷ್ಯನನ್ನು ಹೊಡೆಯಬಹುದು, ಬೈಯಬಹುದು, ನಾಳೆ ಕರೆದು ರಾಜಿ ಆಗಬಹುದು. ತಾಟಿನ ಮುಂದೆ ಕುಳಿತವರನ್ನು ಎಬ್ಬಿಸಿದರೆ ಮಾತ್ರ ಮುಗಿಯಿತು. ಅಂಥ ಮನೆಗೆ ಹೆಣ್ಣು ಕೊಡುವವರಿಲ್ಲ, ಅಂಥ ಮನೆಯಿಂದ ತರುವವರಿಲ್ಲ. ಮೊಮ್ಮಕ್ಕಳ ಕಾಲಕ್ಕೂ ‘ಎಂಜಲ ಕೈಯಲ್ಲಿ ಎಬ್ಬಿಸಿದವರು’ ಎಂಬ ಹೆಸರು ಅಳಿಯುವುದಿಲ್ಲ. ಸಾಹುಕಾರ ಆಡಿದ್ದು ಸರಿಯಾದ ಮಾತೇ. ಆದರೆ ಇಡೀ ಬೀದಿಯನ್ನು ಸಾಕ್ಷಿ ಇಟ್ಟುಕೊಂಡು ಆಡಿದನಲ್ಲ, ಅಲ್ಲೇ ಬಿದ್ದ ಹಳ್ಳಕ್ಕೆ!

ಯಂಕಪ್ಪ ಸಾಹೇಬರು ರೊಟ್ಟಿ ಮುರಿದರು. ಅಗಿದರು. ಮತ್ತೆ ಅಗಿದರು. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಉಳ್ಳಾಗಡ್ಡಿ ಕಡಿದರು, ನೀರು ಕುಡಿದರು, ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದರು. ಸುಮಿತ್ರವ್ವನಿಗೆ ಮೈಯೆಲ್ಲ ಉರಿಯಿತು. ಕೇಡುಗಾಲದಲ್ಲಿ ಎಂಥಾ ನಿಧಾನ ಇವರಿಗೆ! ಸಾಹೇಬರು ಬೆಲ್ಟು ಸಡಿಲು ಮಾಡಿಕೊಂಡರು. ಹೊಟ್ಟೆ ತುಂಬಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಹೊರಗೆ ನಿಂತ ಜೇಸಿಬಿಯ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿ, “ಇನ್ನೊಂದು ರೊಟ್ಟಿ ನೀಡವ್ವಾ,” ಎಂದರು.

ಸುಮಿತ್ರವ್ವ ನಿಂತಲ್ಲೇ ನಿಂತಳು. ಹೊಳೆದುಹೋಯಿತು! ಇವರು ಹಸಿದು ಬಂದವರಲ್ಲ. ಬೆಳಿಗ್ಗೆ ತಾನು ಅಂಗಳದಲ್ಲಿ ಕಿರುಚಿದ್ದು ನೇತ್ರಾರಿಗೊಬ್ಬರಿಗೇ ಅಲ್ಲ, ಇವರ ಕಿವಿಗೂ ಬಿದ್ದಿತ್ತು.

“ನೀಡ್ತೀನಿರೀ ಯಪ್ಪಾ! ಒಂದ್ಯಾಕ, ಹತ್ತು ನೀಡ್ತೀನಿ!” ಎಂದಳು.

ಸಾಹುಕಾರನಿಗೆ ಸಂಶಯ ಬಂದು ಬಾಗಿಲಿಗೆ ಬಂದ. “ಸಾಹೇಬ್ರ, ನೀವು ಆಕಿ ಪರ ಕುಂತಂಗಾತಲ್ರಿ ಇದು?”

“ಇವತ್ತು ನಾವು ಯಾರ ಪರಾನೂ ಇಲ್ಲ, ಯಾರಿಗೂ ಏನೂ ಹೇಳಾಕ ಬಂದಿಲ್ಲ. ಕೆಲಸಾನ ಮಾಡಾಕತ್ತಿಲ್ಲ. ಊಟಕ್ಕ ಬಂದೀವಿ, ರೊಕ್ಕ ಕೊಟ್ಟು ಉಣ್ತೀವಿ,” ಎಂದರು ಯಂಕಪ್ಪ. ಶಾಹಿಸ್ತಾ ತಲೆ ಎತ್ತದೆ ಹಿಂಡಿ ಕಲಸಿಕೊಂಡರು. ಸುದೀಪ ಮಾತ್ರ ಸುಸ್ತಾಗಿದ್ದ. ಮುಂದಿನ ರೊಟ್ಟಿಯನ್ನು ನೋಡುವ ಅವನ ನೋಟ ಪರೀಕ್ಷೆಯ ಪ್ರಶ್ನೆಪತ್ರಿಕೆ ನೋಡುವವನ ಹಾಗಿತ್ತು.

ಮೂರು ಹೊಟ್ಟೆಗಳ ಮೇಲೆ ಎಷ್ಟು ಹೊತ್ತು ಗೋಡೆ ನಿಲ್ಲಿಸುವುದು? ಸುಮಿತ್ರವ್ವ ಸೊಸೆಯ ಕಿವಿಯಲ್ಲಿ ಒಂದೇ ಮಾತು ಉಸುರಿದಳು. ಸುನಿತಾ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ಅತ್ತೆ ಕಲಿಸಿದ ಬಾಯಿ ಅವತ್ತು ಕೆಲಸಕ್ಕೆ ಬಂತು.

“ಊಟಕ್ಕ ಬರ್ರಿ! ಎಲ್ಲಾರೂ ಬರ್ರಿ! ಪಂಕ್ತಿ ಎದ್ರ ಗ್ವಾಡಿ ಬೀಳತೈತಿ, ಪಂಕ್ತಿ ಏಳಬಾರದು!”

ಕೋರ್ಟಿನಂಗಳದಲ್ಲಿ ಕೇಸು ಮುಂದಕ್ಕೆ ಹೋಗಿ, ಮಾಡಲು ಕೆಲಸವಿಲ್ಲದೆ, ಊರಿನ ಬಸ್ಸು ಬರುವವರೆಗೆ ಕಾಲ ಕಳೆಯುವುದು ಹೇಗೆಂದು ಆಕಳಿಸುತ್ತಿದ್ದ ಮಂದಿ ಎಷ್ಟು! ಒಬ್ಬರಿಗೊಬ್ಬರು ಕೇಸು ಹಾಕಿಕೊಂಡ ಅಣ್ಣತಮ್ಮಂದಿರು ಒಟ್ಟಿಗೇ ಎದ್ದರು. ವಕೀಲರು ಕೋಟು ಬಿಚ್ಚಿದರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಶಿರಹಟ್ಟಿ ಬಸ್ಸಿನಿಂದ ಇಳಿದವರೂ ಇತ್ತಲೇ ನಡೆದರು. ಚಾಪೆ ಸಾಲದೆ ಪಂಕ್ತಿ ಬಾಗಿಲು ದಾಟಿ, ಕಟ್ಟೆ ಇಳಿದು, ಗೋಡೆಯ ಗುಂಟ ಬೆಳೆಯಿತು. ಈ ತುದಿಯಲ್ಲಿ ಒಬ್ಬ ಕೈ ತೊಳೆಯುವ ಮೊದಲೇ ಆ ತುದಿಯಲ್ಲಿ ಇಬ್ಬರು ಕುಳಿತಿರುತ್ತಿದ್ದರು. ಮಾಶಾಕನೂ ಜೇಸಿಬಿ ಇಳಿದು ಬಂದು ಗೋಡೆಗೆ ಬೆನ್ನು ಹಚ್ಚಿ ತಾಟು ಕೇಳಿದ.

“ಲೇ ಮಾಶಾಕ, ನೀನೂನಾ?” ಎಂದ ಸಾಹುಕಾರ.

“ಹಸದೀನ್ರಿ ಸಾಹುಕಾರ. ಎದ್ದ ಮ್ಯಾಲ ಹೇಳ್ರಿ.”

ಬೀದಿಯೆಲ್ಲ ನಕ್ಕಿತು. ಸುಮಿತ್ರವ್ವನ ಕೈ ನಿಲ್ಲಲಿಲ್ಲ. ತಟಪಟ, ತಟಪಟ! ಬೆವರು ಕಣ್ಣಿಗಿಳಿಯುತ್ತಿತ್ತು, ಅವಳು ನಗುತ್ತಿದ್ದಳು. ಹಬ್ಬಕ್ಕೂ ಅವಳು ಹೀಗೆ ಹುರುಪಿನಿಂದ ರೊಟ್ಟಿ ಬಡಿದಿರಲಿಲ್ಲ. ಆ ಖುಷಿಯಲ್ಲೇ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಬೆರಳು ತಳಕ್ಕೆ ತಾಗಿತು.

ಜೀವ ಹಾರಿಹೋಯಿತು. ಹಿಟ್ಟು ಖಾಲಿ. ಸುನಿತಾ ನೆರೆಮನೆಗಳಿಗೆ ಓಡಿದಳು, ಆದರೆ ಅದು ಬರುವವರೆಗೆ? ಒಬ್ಬೊಬ್ಬರ ತಾಟಿನಲ್ಲೂ ಕೊನೆಯ ಚೂರು ಕಾಣತೊಡಗಿತು. ಸಾಹುಕಾರ ಗಡಿಯಾರ ನೋಡಿಕೊಂಡ. ಹೊರಗಿಂದಲೇ ಅವನಿಗೆ ಆ ಡಬ್ಬಿಯ ಬರಿ ಸಪ್ಪಳ ಕೇಳಿಸಿತ್ತು.

ಆಗ ಹರ್ತಿಯಿಂದ ಹೊಲದ ಕೇಸಿಗೆ ಬಂದಿದ್ದ ಕಳಕವ್ವ ಎಂಬ ಮುದುಕಿ, ಕಂಕುಳಲ್ಲಿದ್ದ ಬುತ್ತಿಯ ಗಂಟನ್ನು ಪಂಕ್ತಿಯ ನಡುವೆ ಬಿಚ್ಚಿದಳು. ಒಂದರ ಮೇಲೊಂದು ಪೇರಿಸಿದ ಖಡಕ್ ರೊಟ್ಟಿಯ ಥಪ್ಪಿ! “ಕೋರ್ಟಿಗಿ ಬರೋರು ಬುತ್ತಿ ಇಲ್ಲದ ಬರ್ತಾರೇನ? ತಾರೀಖು ನಂಬಿ ಯಾರರ ಹಸಗೊಂಡು ಕುಂಡ್ರತಾರು? ಬಿಚ್ಚರೆಪಾ ಎಲ್ಲಾರೂ!”

ಬಿಚ್ಚಿದರು. ಒಂದಲ್ಲ ಎರಡಲ್ಲ, ಪಂಕ್ತಿಯುದ್ದಕ್ಕೂ ಗಂಟುಗಳು ಬಿಚ್ಚಿದವು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಅಗಸಿ ಹಿಂಡಿ, ಪುಂಡಿ ಪಲ್ಯ. ತಾಟಿನಿಂದ ತಾಟಿಗೆ ಕೈ ಓಡಿತು. ಶಾಹಿಸ್ತಾ ಕಳಕವ್ವನ ಖಡಕ್ ರೊಟ್ಟಿಯನ್ನು ಕಟಂ ಎಂದು ಮುರಿದ ಸಪ್ಪಳ ಸಾಹುಕಾರನ ಕಿವಿಯವರೆಗೆ ಹೋಯಿತು. ಮಧ್ಯಾಹ್ನದಿಂದ ಬಿಳಿ ಅಂಗಿಯಲ್ಲಿ ನಿಂತು ನಿಂತು ಅವನಿಗೂ ಹಸಿದಿತ್ತು ಪಾಪ. ಕೇಳುವ ಬಾಯಿ ಮಾತ್ರ ಇರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಮಂದಿಯ ಮೊಬೈಲುಗಳು ಸುಮ್ಮನಿರುತ್ತವೆಯೇ? ಕುರ್ಚಿ ಬಿಟ್ಟ ನ್ಯಾಯಾಧೀಶರು ನೆಲದ ಮೇಲೆ ಕುಳಿತು ರೊಟ್ಟಿ ತಿನ್ನುವ ಚಿತ್ರ ಲಕ್ಷ್ಮೇಶ್ವರ ದಾಟಿ, ಗದಗ ದಾಟಿ, ಹೋಗಬೇಕಾದಲ್ಲಿಗೆ ಹೋಗಿ ಮುಟ್ಟಿತು. ಇವರು ಯಾಕೆ ಕುರ್ಚಿ ಬಿಟ್ಟರು ಎಂದು ಅಲ್ಲಿ ಯಾರೋ ಕೇಳಿದರು. ಕೇಳಿದವರು ದೊಡ್ಡವರಿರಬೇಕು. ಬಿಸಿಲು ಬಾಗುವ ಹೊತ್ತಿಗೆ ಪೊಲೀಸ್ ಜೀಪು ಬಂತು. ಪೆನ್ನಿನ ಕ್ಯಾಪು ತೆಗೆಯದಿದ್ದ ಅದೇ ಸಾಹೇಬ ಇಳಿದು, ಟೊಪ್ಪಿಗೆ ಕೈಯಲ್ಲಿ ಹಿಡಿದು, ಶಾಹಿಸ್ತಾರ ಮುಂದೆ ಬಗ್ಗಿದ.

“ಮೇಡಂ, ದೂರು ದಾಖಲು ಮಾಡಿದೀವ್ರಿ. ಕುರ್ಚಿ ಮುರದವರನ್ನೂ ಹಿಡಕೊಂಡು ಬಂದೀವಿ.”

ಶಾಹಿಸ್ತಾ ಎಡಗೈಯಲ್ಲಿ ಕಾಗದ ಹಿಡಿದು ನಿಧಾನವಾಗಿ ಓದಿದರು. ಕಣ್ಣು ತುಂಬಿ ಬಂದವು. ತಟ್ಟನೆ ನಕ್ಕುಬಿಟ್ಟರು. “ಆತು. ಈಗ ಕುಂಡ್ರಿ, ಊಟ ಮಾಡ್ರಿ,” ಎಂದರು. ಆತ ಕುಳಿತ. ಕೂಡದೆ ಏನು ಮಾಡುತ್ತಾನೆ?

ಕೈ ತೊಳೆದು ಶಾಹಿಸ್ತಾ ರಸ್ತೆಯ ಅಂಚಿಗೆ ಹೋಗಿ ಆ ಕಾಗದವನ್ನು ಎತ್ತಿ ಹಿಡಿದರು. ಎದುರಿನ ಬೇವಿನ ಮರದ ಕೆಳಗೆ ಒಬ್ಬಂಟಿಯಾಗಿ ಕುಳಿತಿದ್ದ ನೇತ್ರಾ ಎದ್ದರು. ಕೋರ್ಟಿನೊಳಗೆ ಓಡಿದರು ಎಂದೇ ಹೇಳಬೇಕು. ಕೋರ್ಟು ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು.

“ಸುಮಿತ್ರವ್ವಾ... ಹಾಜರಿದ್ದೀರೇನು?”

ಶಿಪಾಯಿ ಉಳವಪ್ಪನ ಕೂಗು ರಸ್ತೆ ದಾಟಿ ಬಂತು. ಮೂರು ಸಲ ಕೂಗುತ್ತಾನೆ, ಮೂರನೆಯದಕ್ಕೂ ಓ ಎನ್ನದಿದ್ದರೆ ಕೆಲಸ ಕೆಡುತ್ತದೆ. ಸುಮಿತ್ರವ್ವ ಎರಡನೆಯ ಕೂಗಿಗೇ ಬೀದಿಯ ನಡುವೆ ಇದ್ದಳು. “ಬಂದ್ನೋ, ಬಂದ್ನೋ ಉಳವಪ್ಪಾ!” ಸಾಹುಕಾರನ ಹೆಸರೂ ಕೂಗಿದ್ದು ಕೇಳಿಸಿತು. ಅವನೂ ಬಿರುಸಾಗಿ ಹೆಜ್ಜೆ ಹಾಕಿದ.

ಕುರ್ಚಿಯ ಮೇಲೆ ನೇತ್ರಾ. ಮುಖ ಬಾಡಿತ್ತು, ದನಿ ಗಟ್ಟಿಯಿತ್ತು. ದುರ್ಗೇಶ ಅವಸರದಲ್ಲಿ ಗೀಚಿದ ಅರ್ಜಿ ಕೊಟ್ಟ. ತಡೆಯಾಜ್ಞೆ ಆಗಲೇ ಮುಗಿದುಹೋಗಿದೆ ಎಂದು ಸಾಹುಕಾರನ ವಕೀಲ ವಾದ ಹೂಡಿದ. ಎರಡನ್ನೂ ಕೇಳಿ ನೇತ್ರಾ ಒಂದೇ ಪ್ರಶ್ನೆ ಕೇಳಿದರು.

“ಗೋಡೆ ಇನ್ನೂ ನಿಂತಿದೆಯೇ?”

“ನಿಂತೈತ್ರಿ!” ಎಂದಳು ಸುಮಿತ್ರವ್ವ. ಬಾಗಿಲಾಚೆಯ ಮಂದಿಯೂ ಅದನ್ನೇ ಕೂಗಿತು.

“ಹಾಗಾದರೆ ಮುಂದಿನ ತಾರೀಖಿನವರೆಗೆ ನಿಂತೇ ಇರಲಿ.” ಬರೆದು, ಸಹಿ ಹಾಕಿ, ಅವರು ಸುಮಿತ್ರವ್ವನ ಕಡೆ ನೋಡಿದರು. “ಅಮ್ಮ, ಕೇಸು ನೀವು ಗೆದ್ದಿರಿ ಅಂತ ಇದರ ಅರ್ಥ ಅಲ್ಲ. ಅದು ಸಾಕ್ಷಿ ನೋಡಿ ಆಗಬೇಕು.”

“ಆಗ್ಲಿ ಬಿಡ್ರಿ ಬಾಯಾರ.”

ಹೊರಗೆ ಸಿಳ್ಳೆಯೋ ಸಿಳ್ಳೆ. ಜೇಸಿಬಿ ಬಂದ ದಾರಿ ಹಿಡಿಯಿತು. ನೆರೆಮನೆಗಳ ಹಿಟ್ಟು ಅಷ್ಟರಲ್ಲಿ ಬಂದಿತ್ತು. ಸುಮಿತ್ರವ್ವ ಮೊದಲ ಬಿಸಿ ರೊಟ್ಟಿ ಬಡಿದು, ಮೇಲೊಂದು ಬೆಣ್ಣೆ ಮುದ್ದೆ ಇಟ್ಟು, ತಾಟು ಮುಚ್ಚಿ ಉಳವಪ್ಪನ ಕೈಯಲ್ಲಿ ನೇತ್ರಾರ ಕೋಣೆಗೆ ಕಳಿಸಿದಳು.

ಉಳವಪ್ಪ ಹೋದಷ್ಟೇ ಬೇಗ ತಾಟಿನ ಸಮೇತ ತಿರುಗಿ ಬಂದ.

“ಒಲ್ಲೆ ಅಂದ್ರವ್ವಾ. ನಿನ್ನ ಕೇಸು ತಮ್ಮ ಮುಂದ ಇರೂತನಾ ನಿನ್ನ ಮನಿ ನೀರೂ ಮುಟ್ಟಂಗಿಲ್ಲಂತ.”

“ಮತ್ತ ಮುಂಜಾನಿಂದ ಏನ್ ತಿಂದಾರ?”

“ಏನ್ ತಿಂತಾರ? ಎಲ್ಲಾರೂ ಇಲ್ಲಿ ಉಂಡ್ರು. ಅವರು ಅಲ್ಲೆ ಗಿಡದ ಬುಡಕ ಕುಂತು ಈ ಕಡೇನ ನೋಡಾಕತ್ತಿದ್ರು. ಬುತ್ತಿ ತಂದಿದ್ರು, ಅದನ್ನೂ ಬಿಚ್ಚಲಿಲ್ಲ.”

ಸುಮಿತ್ರವ್ವ ತಾಟು ಇಸಿದುಕೊಂಡಳು. ಬೆಣ್ಣೆ ಕರಗಿ ರೊಟ್ಟಿಯ ಅಂಚಿಗಿಳಿದಿತ್ತು. ಬೆಳಿಗ್ಗೆ ಸೆರಗನ್ನು ಗಟ್ಟಿಯಾಗಿ ಹಿಡಿದಿದ್ದ ಆ ಕೈ ನೆನಪಾಯಿತು. ಊರ ಮುಂದೆ ತಾನು ಅಷ್ಟೆಲ್ಲ ಅಂದಾಗಲೂ, ‘ನಿನಗಾಗಿ ಕರುಳು ಚುರ್ ಎನ್ನುತ್ತದೆ’ ಎಂಬ ಒಂದು ಮಾತು ಆಕೆ ಆಡಲಿಲ್ಲ. ಆಡಿದ್ದರೆ ನಾಳೆ ಸಾಹುಕಾರ ಅದನ್ನೇ ಹಿಡಿದು ಎಳೆಯುತ್ತಿದ್ದ. ಬೆಳಿಗ್ಗೆ ಒಲ್ಲೆ ಎಂದಾಗ ಬಂದಿತ್ತು ಸಿಟ್ಟು. ಈಗ ಒಲ್ಲೆ ಎಂದಾಗ ಹೆಮ್ಮೆಯೋ ದುಃಖವೋ ತಿಳಿಯದೆ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಗೂಡಿನಿಂದ ಹೊಸ ತಾಟೊಂದನ್ನು ತೆಗೆದು, ತೊಳೆದು, ದೇವರ ಪಟದ ಕೆಳಗೆ ಬೋರಲು ಹಾಕಿದಳು.

“ಇದು ಬಾಯಾರದು. ಯಾರಿಗೂ ಹಾಕಬ್ಯಾಡ,” ಎಂದಳು ಸೊಸೆಗೆ. ಆಮೇಲೆ ಉಳವಪ್ಪನ ಕಡೆ ತಿರುಗಿದಳು. “ಹೋಗಿ ಹೇಳು. ಕೇಸು ಮುಗದ ದಿನ ಊಟಕ್ಕ ಬರಬೇಕಂತ. ನಾ ಗೆದ್ರ ಇಲ್ಲೆ ನೀಡ್ತೀನಿ. ಸೋತ್ರ, ಬೇವಿನ ಗಿಡದ ಬುಡಕ ಒಲಿ ಹೂಡಿ ನೀಡ್ತೀನಿ.”

ಉಳವಪ್ಪ ಹೋದ. ಹೊರಗೆ ಕಟ್ಟೆಯ ಮೇಲೆ ಇನ್ನೂ ನಾಲ್ಕಾರು ಮಂದಿ ಉಣ್ಣುತ್ತಿದ್ದರು. ಸುಮಿತ್ರವ್ವ ಅವರಿಗೆ ರೊಟ್ಟಿ ಬಡಿಯಲು ಕುಳಿತಳು.